ಉತಾರೆಯಲ್ಲಿ ಉಳಿದ ಹೆಸರು

ಸೊಲ್ಲಾಪುರದ ಬಾಳಿವೇಸ್ ಪೇಟೆಯಲ್ಲಿ ಟವೆಲ್ ವ್ಯಾಪಾರದವರ ಮನೆಗಳು ಹತ್ತಾರಿವೆ. ಅವುಗಳಲ್ಲಿ ಹಿಪ್ಪರಗಿಯವರ ಮಾಲಿಗೆ ಮಾತ್ರ ಒಂದು ಮಾತು ಇತ್ತು: ಆ ಮನೆಯಿಂದ ಹೊರಟ ಡಜನ್ನಿನಲ್ಲಿ ನೇಯ್ಗೆ ತಪ್ಪಿದ ಟವೆಲ್ ಒಂದೂ ಸಿಗುವುದಿಲ್ಲ. ಅದಕ್ಕೆ ಕಾರಣ ಸುಗಲಾಬಾಯಿ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳಿಂದ ಮಾಲು ಬಂದಿಳಿದರೆ ಆಕೆ ಪಡಸಾಲೆಯ ಕಿಟಕಿಯ ಬೆಳಕಿಗೆ ಕೂತು, ಒಂದೊಂದನ್ನೂ ಅಂಚಿನಿಂದ ಅಂಚಿಗೆ ಬೆರಳಾಡಿಸಿ, ಮಡಚಿ, ಹನ್ನೆರಡಕ್ಕೊಂದು ಕಟ್ಟು ಕಟ್ಟುವಳು. ಎಳೆ ತಪ್ಪಿದ್ದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. "ಕಾಕೂಗ ತೋರಸಬ್ಯಾಡ್ರೋ, ಅರ್ಧಾ ಮಾಲು ವಾಪಸ ಬರತೈತಿ" ಎಂದು ಮಗ್ಗದವರು ತಮ್ಮತಮ್ಮಲ್ಲೇ ಚೇಷ್ಟೆ ಮಾಡಿಕೊಳ್ಳುತ್ತಿದ್ದರು.

ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ವ್ಯಾಪಾರ ಈಗ ಮಗ ಉದಯಕುಮಾರನ ಕೈಯಲ್ಲಿ. ಎಪ್ಪತ್ತನಾಲ್ಕರ ಸುಗಲಾಬಾಯಿ ಇಂದಿಗೂ ಅದೇ ಕಿಟಕಿಯ ಬೆಳಕಿಗೆ ಕೂರುತ್ತಾಳೆ.

ಓದು ಎಂದರೆ ನಾಗಣಸೂರಿನ ಕನ್ನಡ ಸಾಲಿಯಲ್ಲಿ ಕಲಿತ ಎರಡು ಇಯತ್ತೆ. ಬೆರಳಿಟ್ಟು ಓದಿದರೆ ಒಂದು ಸಾಲು ಹೊತ್ತಾದರೂ ಮುಗಿಯುತ್ತದೆ. ಬ್ಯಾಂಕಿನ ಸಹಿಯನ್ನು ಗಂಡ ಮರಾಠಿಯಲ್ಲಿ ಕಲಿಸಿದ್ದ. ಆಕೆ ಅದನ್ನು ಬರೆಯುವುದಿಲ್ಲ, ರಂಗೋಲಿಯಂತೆ ಬಿಡಿಸುತ್ತಾಳೆ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ.

ಆ ಸಹಿಯಲ್ಲಿರುವ ಹೆಸರು ಆಕೆಯೊಂದಿಗೆ ಹುಟ್ಟಿದ್ದಲ್ಲ. ಹದಿನೇಳಕ್ಕೆ ನಾಗಣಸೂರಿನ ಬಿರಾಜದಾರರ ಮನೆಯಿಂದ ಈ ಮನೆಗೆ ಬಂದಾಗ, ಇಲ್ಲಿಯ ರೂಢಿಯಂತೆ ತಾಟಿನಲ್ಲಿ ಅಕ್ಕಿ ಹರವಿ, ಮದುಮಗನ ಕೈಗೆ ಉಂಗುರ ಕೊಟ್ಟರು. ಅವನು ಅಕ್ಕಿಯ ಮೇಲೆ ಹೊಸ ಹೆಸರು ಬರೆದ. ಹಳೆಯ ಹೆಸರು ಕಲ್ಯಾಣಮ್ಮ ಆ ಸಂಜೆ ತವರವರೊಂದಿಗೆ ಎತ್ತಿನ ಗಾಡಿ ಹತ್ತಿ ಹೋಯಿತು. "ಸುಗಲಾ" ಎಂದು ಕೂಗಿದರೆ ತಿರುಗಿ ನೋಡಲು ಹುಡುಗಿಗೆ ಆರು ತಿಂಗಳು ಹಿಡಿಯಿತು. "ಕಿವುಡೀನ ತಂದೀವೇನೋ" ಎಂದು ಅತ್ತೆ ಮಾವನ ಕಿವಿಯಲ್ಲಿ ಉಸುರಿದ್ದನ್ನು ಆಕೆ ಚೆನ್ನಾಗಿಯೇ ಕೇಳಿಸಿಕೊಂಡಿದ್ದಳು.

ಆದರೆ ವರ್ಷಕ್ಕೊಮ್ಮೆ ಪಂಚಮಿ ಬರುತ್ತಿತ್ತು. ಅಣ್ಣ ಸಾತಲಿಂಗಪ್ಪ ಕರೆಯಲು ಬರುತ್ತಿದ್ದ. ಮೊದಲು ಗಾಡಿಯಲ್ಲಿ, ಆಮೇಲೆ ಎಸ್ಟಿ ಬಸ್ಸಿನಲ್ಲಿ, ಮುಂದೆ ಮೋಟಾರ್‌ಸೈಕಲ್ ಮೇಲೆ. ಊರಿನ ಹುಣಸೆಮರ ದಾಟಿದರೆ ಸಾಕು, ಬಾವಿಯ ಕಡೆಯಿಂದ ಯಾರಾದರೊಬ್ಬರು, "ಏ ಕಲ್ಯಾಣೀ, ಬಂದೀ?" ಎಂದು ಕೂಗುವರು. ಆ ಕೂಗು ಕಿವಿಗೆ ಬಿದ್ದ ಮೇಲೆ ಮೂರು ದಿನ ಆಕೆ ಸುಗಲಾಬಾಯಿ ಅಲ್ಲ. ಉಂಡಿ ಕಟ್ಟುವುದು, ಜೋಕಾಲಿ ಆಡುವುದು, ಅಣ್ಣನ ಜೊತೆ ಹುಣಸಿಪಟ್ಟಿಯ ಹೊಲಕ್ಕೆ ಹೋಗಿ ಹೆಸರುಕಾಯಿ ಬಿಡಿಸಿ ತಿನ್ನುವುದು, ಇಷ್ಟರಲ್ಲಿ ಮೂರು ದಿನ ಮುಗಿಯುತ್ತಿದ್ದವು. ನಾಲ್ಕನೆಯ ದಿನ ಬಾಳಿವೇಸಿನ ಬಾಗಿಲಲ್ಲಿ ಮತ್ತೆ ಸುಗಲಾಬಾಯಿ.

ಅದು ನಿಂತು ಹತ್ತೊಂಬತ್ತು ವರ್ಷ.

ಅಪ್ಪ ತೀರಿದ ಮೇಲೆ ಹೊಲದ ಉತಾರೆಯಲ್ಲಿ, ಎಂದರೆ ಸರ್ಕಾರಿ ದಾಖಲೆಯಲ್ಲಿ, ಅಣ್ಣನ ಹೆಸರಿನ ಕೆಳಗೆ ತಂಗಿಯ ಹೆಸರೂ ಏರಿತ್ತು. ಹಕ್ಕು ಬಿಟ್ಟುಕೊಡುವ ಹಕ್ಕಸೋಡ ಪತ್ರಕ್ಕೆ ಸಹಿ ಮಾಡಿ ಹೆಣ್ಣುಮಕ್ಕಳು ಹೆಸರು ತೆಗೆಸಿಕೊಳ್ಳುವುದು ಈ ಸೀಮೆಯ ರೂಢಿ. ಹೊಲ ಅಣ್ಣತಮ್ಮಂದಿರಿಗೆ, ಸೀರೆ ಕುಬಸ ಅಕ್ಕತಂಗಿಯರಿಗೆ, ತವರು ಇಬ್ಬರಿಗೂ. ಸಾತಲಿಂಗಪ್ಪನೂ ಹಸಿರು ಇಳಕಲ್ ಸೀರೆ ತಂದಿದ್ದ. ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಅಕ್ಕಲಕೋಟದ ಕಚೇರಿಗೆ ಬಂದಿದ್ದ. ಸುಗಲಾಬಾಯಿ ಸಹಿ ಮಾಡಲೆಂದೇ ಹೋಗಿದ್ದಳು. ಕಾರಕೂನ ಕಾಗದ ಓದಿದ. ಮುಗಿಸಿದವನೇ ಪೆನ್ನು ಮುಂದೆ ಹಿಡಿದ. ಆಕೆ ಹಿಡಿದುಕೊಂಡ ಪೆನ್ನನ್ನು ಮೇಜಿನ ಮೇಲಿಟ್ಟು, "ನಾ ಮಾಡಂಗಿಲ್ಲ" ಎಂದಳು. ಯಾಕೆ ಎಂದು ನಾಲ್ಕೂ ಜನ ಕೇಳಿದರು. ಹೇಳಲು ಬರಲಿಲ್ಲ. ಸಾತಲಿಂಗಪ್ಪ ಸೀರೆಯ ಗಂಟನ್ನು ಬೆಂಚಿನ ಮೇಲೆ ಬಿಟ್ಟು ಎದ್ದುಹೋದ. ಆ ವರ್ಷ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಮುಂದೆಯೂ ಬರಲಿಲ್ಲ. ಅಣ್ಣನ ಹೆಂಡತಿ, ವೈನಿ, ಸತ್ತ ಸುದ್ದಿಯೂ ಮೂರನೆಯವರಿಂದ ತಿಳಿಯಿತು.

ಈ ವರ್ಷ ಆಷಾಢದಲ್ಲಿ ಸೊಸೆ ಸ್ನೇಹಲ ಮೊಬೈಲು ಹಿಡಿದುಕೊಂಡು ಬಂದು ಕಿಟಕಿಯ ಹತ್ತಿರ ಕೂತಳು. ಪಂಢರಪುರದ ಹುಡುಗಿ. ಈ ಮನೆಗೆ ಬಂದ ಮೇಲೆ ಕನ್ನಡ ಕಲಿತವಳು.

"ಅತ್ಯಾ, ಪುಣೆದ್ದೊಂದು ಸಂಸ್ಥಾ ಐತಿ ನೋಡ್ರಿ. ವಯಸ್ಸಾದೋರಿಗೆ ಫುಕಟ, ರೊಕ್ಕಾ ತಗೊಳ್ದ, ಮೃತ್ಯುಪತ್ರ ಬರಕೊಡ್ತಾರಂತ, ಆನ್‌ಲೈನ್. ನಮ್ಮ ಮಹಿಳಾ ಮಂಡಳದ ಗ್ರೂಪಿನಾಗ ಬಂದೈತಿ."

"ಮೃತ್ಯುಪತ್ರ? ಹೆಸರು ಕೇಳಿದ್ರ ಯಮಾ ಟಪಾಲು ಹಾಕಿದ್ದಂಗ ಐತಲ್ಲಽ."

"ಮೃತ್ಯು ಅವರು ಕಳಸಂಗಿಲ್ಲರೀ, ನಾವು ಹೋದಮ್ಯಾಗ ಯಾರಿಗೆ ಏನು ಅಂತ ಬರದಿಡೂ ಪತ್ರ ಅಷ್ಟಽ."

"ಫುಕಟ ಯಾರರೆ ಯಾಕ ಬರದ ಕೊಡ್ತಾರ? ಒಳಗ ಏನೋ ಐತಿ."

"ಐತಿ. ಕಡೀಕ ಒಂದು ಮಾತು ಕೇಳ್ತಾರಂತ, ಮನಸಿದ್ರ ಸಂಸ್ಥಾಕ್ಕ ಏನರೆ ಬಿಟ್ಟುಹೋಗ್ರಿ ಅಂತ. ಬ್ಯಾಡಂದ್ರ ಬ್ಯಾಡ."

ಸುಗಲಾಬಾಯಿ ಟವೆಲ್ ಮಡಚುವುದನ್ನು ಮುಂದುವರಿಸಿದಳು. ಮೂರು ದಿನ ಆ ಮಾತು ಎತ್ತಲಿಲ್ಲ. ನಾಲ್ಕನೆಯ ದಿನ ಊಟವಾದ ಮೇಲೆ ಕೈ ಒರೆಸಿಕೊಳ್ಳುತ್ತ, "ಆ ಫುಕಟಿಂದು ತಗಿ" ಎಂದಳು.

ಹತ್ತು ಮಿನಿಟಿನಲ್ಲಿ ಮುಗಿಯುತ್ತದೆ ಎಂದು ಅದರಲ್ಲಿ ಬರೆದಿತ್ತು. ಇವರಿಗೆ ಐದು ಮಧ್ಯಾಹ್ನ ಹಿಡಿದವು. ಪ್ರತಿ ಪ್ರಶ್ನೆಯನ್ನೂ ಸ್ನೇಹಲ ಮರಾಠಿಯಲ್ಲಿ ಓದಿ, ಕನ್ನಡದಲ್ಲಿ ಹೇಳಬೇಕು. ಸುಗಲಾಬಾಯಿ ಯೋಚಿಸಿ ಉತ್ತರ ಕೊಡುವಳು. ಸ್ನೇಹಲ ಒತ್ತಿದ ಮೇಲೆ, "ಹಿಂದಕ್ಕ ಹೋಗು, ಏನ ಬರದಿ ಓದು" ಎನ್ನುವಳು. ಟವೆಲನ್ನು ಎರಡೂ ಮಗ್ಗುಲು ನೋಡಿದ ಹಾಗೆ ಪ್ರತಿ ಪುಟವನ್ನೂ ಎರಡು ಸಲ ಓದಿಸಿದಳು.

ಬೋರಮಾಳ ಸರ ಸ್ನೇಹಲಳಿಗೆ. ಶೇಂಗಾ ಚಟ್ನಿ ಕುಟ್ಟುವ ಕಲ್ಲಿನ ಒಳ್ಳೂ ಸ್ನೇಹಲಳಿಗೆ. "ಸರ ಸಾಕ್ರಿ, ಕಲ್ಲು ನಿಮ್ಮ ಮಗಗ ಬರೀರಿ, ನನ್ನ ತೋಳು ಉಳೀಲಿ" ಎಂದು ಸ್ನೇಹಲ ನಕ್ಕಳು. ಕೊನೆಯ ಪ್ರಶ್ನೆ ಬಂದಾಗ ಸುಗಲಾಬಾಯಿ, "ಇಷ್ಟ ಕೆಲಸಾ ಮಾಡಿದೋರನ್ನ ಬರಿಗೈಲೆ ಕಳಸಬಾರದು. ಎರಡು ಡಜನ್ ಟವೆಲ್ ಬರಿ. ನಾ ನೋಡಿ ಕಟ್ಟಿದ್ದು ಅಂತಽನೂ ಬರಿ" ಎಂದಳು. ಸ್ನೇಹಲ ಬರೆದಳು.

ಹೊಲದ ಪುಟವನ್ನು ಮಾತ್ರ ಆಕೆ ಬೇಕೆಂದೇ ಹಿಂದಿಟ್ಟಿದ್ದಳು. ಮೊಬೈಲಿನಲ್ಲಿಯೇ ತೆಗೆದ ಉತಾರೆಯನ್ನು ಸ್ನೇಹಲ ಅದಕ್ಕೆ ಜೋಡಿಸಿದಳು.

"ಇದು ಯಾರಿಗೆ ಅತ್ಯಾ?"

"ಅಣ್ಣಗ."

ಸ್ನೇಹಲಳ ಬೆರಳು ನಿಂತಿತು. "ಮಾತ ಬಿಟ್ಟ ಅಣ್ಣಗ?"

"ಹೊಲಾ ಅವನಽ ಉಳುಮಿ ಮಾಡ್ಯಾನ. ಅವನದಽ ಅದು. ನನಗ ಬೇಕಾದದ್ದು ಬ್ಯಾರೇನಽ ಇತ್ತು."

"ಏನು?"

"ಅವತ್ತು ಆ ಕಾರಕೂನ ಓದಿದ ನೋಡು, 'ಕಲ್ಯಾಣಮ್ಮ' ಅಂತ. ಅಷ್ಟ ಜನರ ಮುಂದ, ದೊಡ್ಡ ದನೀಲೆ, ಪೂರ್ತಿ ಹೆಸರು. ಎದಿ ತುಂಬಿ ಬಂತು. ಅದರ ಬೆನ್ನಿಗೇ ಓದಿದ, 'ಸದರಿ ಹೆಸರು ಕಮಿ ಮಾಡುವುದು' ಅಂತ. ನಾಗಣಸೂರಾಗ ನನ್ನ ಹೆಸರು ಬರದಿದ್ದ ಜಾಗಾ ಅದೊಂದಽ ಸ್ನೇಹಲ್. ಅದನ್ನ ನನ್ನ ಕೈಲೇನಽ ಅಳಸು ಅಂದ್ರು. ನನಗ ಆಗಲಿಲ್ಲ."

"ಮತ್ತ ಇದನ್ನ ನಿಮ್ಮ ಅಣ್ಣಗ ಹೇಳಬೇಕಿಲ್ಲೇನ್ರಿ?"

"ಏನಂತ ಹೇಳ್ಲಿ? ಹೊಲಾ ಬ್ಯಾಡ, ಹೆಸರು ಬೇಕಂತ? ಹುಚ್ಚು ಹಿಡದೈತಿ ಅಂತಿದ್ರು. ಆಸೆಬುರುಕಿ ಅಂದ್ರೂ ಚಲೋ ಅನಸ್ತು." ಬಳಿಕ ಕೈಯಲ್ಲಿದ್ದ ಟವೆಲನ್ನು ಮತ್ತೊಮ್ಮೆ ಬಿಡಿಸಿ ಮಡಚುತ್ತ ಹೇಳಿದಳು, "ಇದರಾಗ ಚಲೋ ಆತು. ಇರೂತನಕ ಹೆಸರು ನಂದು, ಹೋದಮ್ಯಾಗ ಹೊಲಾ ಅವಂದು."

ಸ್ನೇಹಲ ಮೊಬೈಲನ್ನು ತೊಡೆಯ ಮೇಲಿಟ್ಟಳು. "ಹೋದ ವರ್ಷ ತವರಾಗ ನಾನೂ ಒಂದು ಪೈಠಣಿ ಸೀರಿ ಉಟಗೊಂಡು ಹಕ್ಕಸೋಡಕ್ಕ ಸಹಿ ಮಾಡಿ ಬಂದೆನ್ರಿ" ಎಂದಳು. "ಏನ ಓದಿದ್ರು ಅಂತಽ ಕೇಳಲಿಲ್ಲ. ಫೋಟೋ ತಗೀಲಿಕ್ಕೆ ಹತ್ತಿದ್ರು." ಆಮೇಲೆ ಮೂಗು ಒರೆಸಿಕೊಂಡು, "ನಡೀರಿ, ನನ್ನ ಗಂಡಗ ಬರೋ ಹೊಲಾ ನನ್ನ ಕೈಲೇನಽ ದಾನಾ ಮಾಡಸ್ರಿ" ಎಂದು ಸಾತಲಿಂಗಪ್ಪನ ಹೆಸರು ಬರೆದಳು. ಉದಯಕುಮಾರನಿಗೆ ಹೇಳಿದಾಗ ಅವನು, "ಅವ್ವನ ತವರು, ಅವ್ವನ ಮಾತು" ಎಂದಷ್ಟೇ ಹೇಳಿ ಅಂಗಡಿಗೆ ಹೋದ.

ವಾರ ಕಳೆದು ಪುಣೆಯಿಂದ ಫೋನ್ ಬಂತು. ಸಂಸ್ಥೆಯ ವಕೀಲೆ, ಹೆಸರು ಶ್ರದ್ಧಾ. ದನಿ ಎಳೆಯದು, ಮಾತು ಗಟ್ಟಿ. ಸ್ನೇಹಲ ಸ್ಪೀಕರ್ ಹಾಕಿದಳು.

ಕಾಗದ ಎಲ್ಲ ಚೆನ್ನಾಗಿದೆ, ಇಷ್ಟು ಚೊಕ್ಕವಾಗಿ ಯಾರೂ ತುಂಬುವುದಿಲ್ಲ ಎಂದಳು ಶ್ರದ್ಧಾ ಮರಾಠಿಯಲ್ಲಿ. ಒಂದೇ ತೊಡಕು. ಮೃತ್ಯುಪತ್ರ ಬರೆಯುತ್ತಿರುವವರು ಆಧಾರ್ ಕಾರ್ಡಿನಂತೆ ಸುಗಲಾಬಾಯಿ ಮಲ್ಲಿಕಾರ್ಜುನ ಹಿಪ್ಪರಗಿ. ಆದರೆ ಉತಾರೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಅಲ್ಲಿರುವುದು ಕಲ್ಯಾಣಮ್ಮ ಬಿರಾಜದಾರ.

"ಈ ಕಲ್ಯಾಣಮ್ಮ ಯಾರು? ಅವರು ಬದುಕಿದ್ದಾರೆಯೇ?"

ಸ್ನೇಹಲ ಹಣೆ ಚಚ್ಚಿಕೊಂಡಳು. ಐದು ಮಧ್ಯಾಹ್ನ, ಪ್ರತಿ ಪುಟ ಎರಡು ಸಲ, ಆದರೂ ಇಬ್ಬರ ಕಣ್ಣಿಗೂ ಇದು ಬಿದ್ದಿರಲಿಲ್ಲ. ಈ ಮನೆಗಳಲ್ಲಿ ಹೆಣ್ಣಿಗೆ ಎರಡು ಹೆಸರಿರುವುದು ಎಷ್ಟು ಸಹಜವೆಂದರೆ, ಅದನ್ನು ಬೇರೆಯವರಿಗೆ ಹೇಳಬೇಕು ಎಂದೇ ಯಾರಿಗೂ ಹೊಳೆಯುವುದಿಲ್ಲ.

ಸುಗಲಾಬಾಯಿಗೆ ಆ ಪ್ರಶ್ನೆ ಮಾತ್ರ ಕಿವಿಯಲ್ಲಿ ನಿಂತಿತ್ತು. "ಹೇಳು" ಎಂದಳು ಸೊಸೆಗೆ. "ಅದಾಳ ಅಂತ ಹೇಳು."

ಇಬ್ಬರೂ ಒಬ್ಬರೇ ಎಂಬುದಕ್ಕೆ ಆಧಾರ ಬೇಕು ಎಂದಳು ಶ್ರದ್ಧಾ. ಮದುವೆಯ ನೋಂದಣಿ? ಆ ಕಾಲಕ್ಕೆ ಯಾರು ಮಾಡಿಸಿದ್ದರು. ಶಾಲೆಯ ದಾಖಲೆ? ಸಾಲಿ ಬಿಡಿಸಿದಾಗ ದಾಖಲೆ ತರಲು ಯಾರೂ ಹೋಗಿರಲಿಲ್ಲ. ಹಾಗಾದರೆ ಹುಟ್ಟಿದಾಗಿನಿಂದ ಬಲ್ಲ ತವರಿನವರು ಯಾರಾದರೂ ಬರೆದುಕೊಡಬೇಕು: ನಮ್ಮ ಮನೆಯ ಕಲ್ಯಾಣಮ್ಮನೇ ಈ ಸುಗಲಾಬಾಯಿ ಎಂದು. ಆಮೇಲೆ ನೋಟರಿ ಮಾಡಿಸಿದರಾಯಿತು. ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿಗಳೂ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿದ್ದರೆ ಒಳ್ಳೆಯದು.

"ತವರಿನಲ್ಲಿ ಅಂಥವರು ಯಾರಿದ್ದಾರೆ?"

ಸುಗಲಾಬಾಯಿ ಬೆರಳು ಮಡಚಿ ಎಣಿಸಿದಳು. ಚಿಕ್ಕಪ್ಪ ಇಲ್ಲ. ಸೋದರತ್ತೆ ಇಲ್ಲ. ಬಾವಿಯ ಕಡೆಯಿಂದ ಕೂಗುತ್ತಿದ್ದ ಗೆಳತಿಯರಲ್ಲಿ ಒಬ್ಬಳೂ ಇಲ್ಲ. ಕಡೆಗೆ ಹೆಬ್ಬೆರಳು ಒಂದೇ ಉಳಿಯಿತು.

ಪಂಚಮಿಗೆ ಹನ್ನೊಂದು ದಿನ ಇರುವಾಗ ಅತ್ತೆಸೊಸೆ ಎಸ್ಟಿ ಹತ್ತಿದರು. ಚೀಲದಲ್ಲಿ ಮೃತ್ಯುಪತ್ರ, ಉತಾರೆ, ಅಣ್ಣ ಸಹಿ ಮಾಡಬೇಕಾದ ಗುರುತಿನ ಕಾಗದ, ಹೀಗೆ ಮೂರು ಕಾಗದ, ಒಂದು ಡಬ್ಬಿ ಶೇಂಗಾ ಚಟ್ನಿ, ಕಡಕ್ ರೊಟ್ಟಿಯ ಕಟ್ಟು, ಎರಡು ಟವೆಲ್. ಎಪ್ಪತ್ತೈದಾದವರಿಗೆ ಟಿಕೀಟಿಲ್ಲ, ಹೆಂಗಸರಿಗೆ ಅರ್ಧ. ಕಂಡಕ್ಟರ್ ಮುಖ ನೋಡಿ, "ಆಜೀ, ನೀವ ಫುಕಟ" ಎಂದ.

"ಇನ್ನಾ ಏಳ ತಿಂಗಳು ಐತಪಾ. ಅರ್ಧಾ ಹರಿ."

"ನಾ ಕೇಳಿದ್ನೇನು ಆಜೀ?"

"ನಾ ಹೇಳಾಕತ್ತೀನಿ."

ಸ್ನೇಹಲ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಕ್ಕಲಕೋಟದಲ್ಲಿ ಇಳಿದು ಇನ್ನೊಂದು ಬಸ್ಸು. ರಸ್ತೆಯ ಎರಡೂ ಬದಿಗೆ ಹೆಸರು, ಉದ್ದು, ಗೇಣುದ್ದದ ತೊಗರಿ. ಸುಗಲಾಬಾಯಿ ಕಿಟಕಿಗೆ ಮುಖ ಇಟ್ಟು ಹುಣಸೆಮರಕ್ಕಾಗಿ ಕಾಯುತ್ತಿದ್ದಳು. ಮರ ಬರಲಿಲ್ಲ. ರಸ್ತೆ ಅಗಲವಾಗಿತ್ತು, ಊರು ಅದರ ಮುಂಚೆಯೇ ಬಂದುಬಿಟ್ಟಿತ್ತು. ಇಳಿದಾಗ ಯಾರೂ ಕೂಗಲಿಲ್ಲ. ಝೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದವರು, "ಯಾರ ಮನಿಗೆ ಹೋಗಬೇಕ್ರಿ?" ಎಂದು ಕೇಳಿದರು. ನಮ್ಮ ಮನೆಗೆ ಎಂದು ಹೇಗೆ ಹೇಳುವುದು? ಆಕೆ ಅಣ್ಣನ ಹೆಸರು ಹೇಳಿದಳು.

ಮನೆಯೂ ಹಳೆಯದಲ್ಲ. ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನದಾಗಿತ್ತು. ಕಟ್ಟೆಯ ಮೇಲೆ ಹೊರಸು, ಹೊರಸಿನ ಮೇಲೆ ಸಾತಲಿಂಗಪ್ಪ. ಎಂಬತ್ತು ವರ್ಷ. ಮೀಸೆ ಪೂರ್ತಿ ಬೆಳ್ಳಗೆ, ಬೆನ್ನು ಮಾತ್ರ ನೆಟ್ಟಗೆ. ಒಳಗಿನಿಂದ ಬಂದ ಮಗ ಗುರುಸಿದ್ಧ ಗುರುತು ಹಿಡಿದು, "ಅಪ್ಪಾ, ಅತ್ತಿ ಬಂದಾಳ" ಎಂದ.

"ಕಣ್ಣ ಅದಾವ ನನಗ." ಸಾತಲಿಂಗಪ್ಪ ರಸ್ತೆಯ ಕಡೆ ನೋಡಿದ. "ಹಿಂದ ಯಾರು? ಮೋಜಣಿಯವರನ್ನ ಕರಕೊಂಡ ಬಂದಾಳೇನು, ಹೊಲಾ ಅಳತಿ ಮಾಡಸಾಕ?"

"ಮೋಜಣಿಯವರಿಲ್ಲ" ಎಂದಳು ಸುಗಲಾಬಾಯಿ. "ಸೊಸಿ ಅದಾಳ. ಮೂರು ಕಾಗದ ಅದಾವ. ಒಂದು ಡಬ್ಬಿ ಚಟ್ನಿ ಐತಿ."

ಗುರುಸಿದ್ಧನ ಮಗಳು ಮಯೂರಿ ನೀರು ತಂದುಕೊಟ್ಟಳು. ಹದಿನೆಂಟರ ಹುಡುಗಿ, ಅಕ್ಕಲಕೋಟದ ಕಾಲೇಜಿಗೆ ಹೋಗುತ್ತಾಳೆ. ತಂಬಿಗೆ ಹಿಡಿದ ಕೈಯನ್ನು ಸುಗಲಾಬಾಯಿ ಒಂದು ಕ್ಷಣ ನೋಡಿದಳು. ತನ್ನ ಅವ್ವನ ಬೆರಳುಗಳು, ಹಾಗೆಯೇ.

ಸ್ನೇಹಲ ಕಾಗದ ಬಿಡಿಸಿ ಓದಿದಳು. ತನ್ನ ನಂತರ ಹುಣಸಿಪಟ್ಟಿಯ ಹೊಲದಲ್ಲಿ ತನಗಿರುವ ಹಕ್ಕೆಲ್ಲ ಅಣ್ಣ ಸಾತಲಿಂಗಪ್ಪನಿಗೆ ಎಂಬಲ್ಲಿಗೆ ಬಂದಾಗ ಮುದುಕ ನಕ್ಕುಬಿಟ್ಟ. ಬಹಳ ದಿನದಿಂದ ಬಳಸದ ಗಾಲಿ ತಿರುಗಿದಂಥ ನಗು.

"ನಾ ಎಂಬತ್ತು. ಅಕಿ ಎಪ್ಪತ್ನಾಕು. ಅಕಿ ಹೋದಮ್ಯಾಗ ನನಗ ಹೊಲಾ ಬರತೈತೆಂತ. ಯಾ ಲೋಕದಾಗ ರಂಟಿ ಹೊಡೀಲಿ ನಾ? ಅಲ್ಲಿ ಎತ್ತು ಸಿಗತಾವೇನು?"

ಗುರುಸಿದ್ಧ, ಸ್ನೇಹಲ ಇಬ್ಬರೂ ನಕ್ಕರು. ಸುಗಲಾಬಾಯಿ ನಗಲಿಲ್ಲ. ಅಣ್ಣ ಸೊಸೆಯ ಜೊತೆ ಮಾತಾಡಿದ, ಮಗನ ಜೊತೆ ಮಾತಾಡಿದ. ತನ್ನನ್ನು ನೋಡಿ ಇನ್ನೂ ಒಂದು ಮಾತೂ ಆಡಿರಲಿಲ್ಲ. 'ಅಕಿ' ಎನ್ನುತ್ತಿದ್ದ, ಎದುರಿಗಿಲ್ಲದವಳ ಬಗ್ಗೆ ಅಂದ ಹಾಗೆ.

"ಹೊಲಾ ಬ್ಯಾಡಂತ ಹೇಳು ಅಕೀಗ" ಎಂದ ಸ್ನೇಹಲಳಿಗೆ. "ಹತ್ತೊಂಬತ್ತು ವರ್ಷ ಆತು. ಅವತ್ತು ಯಾಕ ಸಹಿ ಮಾಡಲಿಲ್ಲ? ಅದನ್ನ ಹೇಳಂತ ಹೇಳು. ನಾಕ ಮಂದಿ ಮುಂದ ನನ್ನ ಟೊಪಗಿ ತಗದು ನೆಲಕ್ಕ ಇಟ್ಲು. ಕೇಳಿದ್ರ ನಾ ಕೊಡತಿದ್ದಿಲ್ಲೇನು ಪಾಲು? ನಾ ಏನ ಕಡಿಮಿ ಮಾಡಿದ್ದೆ?"

"ಏನೂ ಕಡಿಮಿ ಮಾಡಿದ್ದಿಲ್ಲ ಯಣ್ಣಾ." ಸುಗಲಾಬಾಯಿ ನೆಲದ ಮೇಲೆ, ಹೊರಸಿನ ಕಾಲಿನ ಹತ್ತಿರ ಕೂತಳು. ಕಿಟಕಿಯ ಬೆಳಕಿನಲ್ಲಿ ಸೊಸೆಗೆ ಹೇಳಿದ್ದನ್ನೇ ಹೇಳಿದಳು. ಒಂದು ಶಬ್ದ ಹೆಚ್ಚಿಲ್ಲ. ಕಾರಕೂನ ಹೆಸರು ಓದಿದ್ದು, ಎದೆ ತುಂಬಿ ಬಂದದ್ದು, ಅದರ ಬೆನ್ನಿಗೇ ಕಮಿ ಮಾಡುವುದು ಎಂದದ್ದು. "ಪಂಚಮಿಗೆ ನೀ ಕರದಾಗ ಮೂರು ದಿನಾ ಅಷ್ಟಽ ನಾ ಕಲ್ಯಾಣಿ. ಉಳದ ದಿನಾ ಆ ಹೆಸರು ಎಲ್ಲಿರತೈತಿ ಅಂದ್ರ, ಈ ಕಾಗದದಾಗ ಇರತಿತ್ತು. ಅದು ಹೋದ್ರ ನಾ ಈ ಊರಾಗ ಹುಟ್ಟೇ ಇಲ್ಲ ಅಂದಂಗ ಆಗತಿತ್ತು. ಅದನ್ನ ಅವತ್ತು ಹೇಳಾಕ ಬಾಯಿ ಬರಲಿಲ್ಲ. ತಪ್ಪಾತು."

ಕಟ್ಟೆಯ ಮುಂದೆ ಕೋಳಿಯೊಂದು ಕೆದರುತ್ತಿತ್ತು. ಸಾತಲಿಂಗಪ್ಪ ಅದನ್ನೇ ನೋಡಿದ.

ಗುರುಸಿದ್ಧನಿಗೆ ತಡೆಯಲಾಗಲಿಲ್ಲ. "ಅತ್ತೀ, ಒಂದು ಮಾತು ಹೇಳ್ತೀನಿ. ಉತಾರಾ ಕಂಪ್ಯೂಟರಿಗೆ ಏರಸೂ ಮುಂದ ನಿಮ್ಮ ಹೆಸರು ಬಿಟ್ಟುಹೋಗಿತ್ತು. ಯಾರ ಕೈತಪ್ಪೋ ಏನೋ. ತಾನಾಗೇ ಹೋಗೇತಿ, ಸುಮ್ನ ಇರೂನು ಅಂದೆ ನಾ. ಅಪ್ಪ ಕೇಳಲಿಲ್ಲ. ನಾಕ ಸಲ ಕಚೇರಿಗೆ ಹೋಗಿ, ಅರ್ಜಿ ಕೊಟ್ಟು, ನಿಂತು ಹಾಕಿಸಿಕೊಂಡು ಬಂದ."

"ಸುಮ್ನಿರೋ" ಎಂದ ಸಾತಲಿಂಗಪ್ಪ.

"ಯಾಕ ಯಣ್ಣಾ?" ಸುಗಲಾಬಾಯಿಯ ದನಿ ಕೇಳಿಸದಷ್ಟು ಸಣ್ಣದಾಗಿತ್ತು.

"ಯಾಕಂದ್ರ?" ಆಗ ಮೊದಲ ಸಲ ಅವನು ಆಕೆಯ ಕಡೆ ತಿರುಗಿದ. "ಇದ್ದದ್ದನ್ನ ಐತಿ ಅನಬೇಕು. ವರ್ಷಾ ಉತಾರಾ ತಗೀತೀನಿ. ವರ್ಷಾ ಓದತೀನಿ, ನನ್ನ ಹೆಸರು, ಅದರ ಕೆಳಗ ನಿನ್ನ ಹೆಸರು. ಓದಿದಾಗೊಮ್ಮೆ ಸಿಟ್ಟು ಬರತಿತ್ತು. ಆ ವರ್ಷ ಓದಿದೆ, ಬರೇ ನನ್ನ ಹೆಸರಽ ಇತ್ತು. ಸಿಟ್ಟು ಬರಲಿಲ್ಲ. ಮನಿ ಭಣಭಣ ಅಂತು." ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ನಿನ್ನ ವೈನಿ ಇರೂತನಕ ಕೇಳತಿದ್ಲು, ಹೆಸರು ಐತೇನ್ರಿ ಅಂತ. ಐತಿ ಅಂದ್ರ ಒಳಗ ಹೋಗತಿದ್ಲು."

ಸ್ನೇಹಲ ಕಾಗದ ಮಡಚಿ ಕೆಳಗಿಟ್ಟಳು. ಮಯೂರಿ ಬಾಗಿಲಲ್ಲಿ ನಿಂತಿದ್ದವಳು ನಿಂತೇ ಇದ್ದಳು. ಸಾತಲಿಂಗಪ್ಪ ಅವಳ ಕಡೆ ಬೆರಳು ಮಾಡಿದ.

"ಅಕೀಗ ಬರಿ" ಎಂದ ತಂಗಿಗೆ.

"ಯಾರಿಗೆ?"

"ಮಯೂರಿಗೆ. ನನಗ ಬರದ್ರ ದಂಡ. ಗುರುಸಿದ್ಧಗ ಬರದ್ರ ಅವಂದು ಅವಗಽ ಆತು. ಆ ಉತಾರೆದಾಗ ಒಂದು ಹೆಣ್ಣಿನ ಹೆಸರು ಓದಿ ಓದಿ ನಮಗ ರೂಢಿ ಆಗೇತಿ. ನೀ ಹೋದಮ್ಯಾಗ ಅಕಿ ಇರ್ಲಿ."

"ಅಕಿ ಹೆಸರು ಬದಲಾದ್ರ? ನನ್ನಂಗ?"

ಮಯೂರಿ ಬಾಗಿಲಿನಿಂದಲೇ ಹೇಳಿದಳು, "ನಾ ಬದಲ ಮಾಡಂಗಿ‌ಲ್ಲ ಆಯೀ. ಅಕ್ಕಿ ತಾಟು ಮುಂದಿಟ್ರ ಅನ್ನಾ ಮಾಡಿ ಬಡಸ್ತೀನಿ."

"ನೋಡು ಬಾಯಿ" ಎಂದ ಗುರುಸಿದ್ಧ. ಆದರೆ ಬೇಡ ಎನ್ನಲಿಲ್ಲ.

ಸ್ನೇಹಲ ಆಗಲೇ ಮೊಬೈಲು ತೆಗೆದು ಪುಣೆಗೆ ಫೋನ್ ಹಚ್ಚಿದ್ದಳು. ಹೆಸರು ಬದಲಾಯಿಸಬಹುದು, ನಾನೂ ಒಮ್ಮೆ ನೋಡಿ ಕಳಿಸುತ್ತೇನೆ, ಹೊಸದಾಗಿ ಛಾಪಿಸಿ ಎಂದಳು ಶ್ರದ್ಧಾ. ಇನ್ನೊಂದು ಮಾತನ್ನೂ ಹೇಳಿದಳು. ಅಣ್ಣನಿಗೆ ಈಗ ಆಸ್ತಿ ಬರುವುದಿಲ್ಲ, ಆದ್ದರಿಂದ ಅವರೇ ಒಬ್ಬ ಸಾಕ್ಷಿ ಆಗಬಹುದು.

ಝೆರಾಕ್ಸ್ ಅಂಗಡಿಯಲ್ಲಿ ಕರೆಂಟು ಹೋಗಿತ್ತು. ಸ್ನೇಹಲ, ಮಯೂರಿ ಹೋಗಿ ಕಾಯ್ದುಕೊಂಡು ಬರುವಷ್ಟರಲ್ಲಿ ಮೂರು ಗಂಟೆ ದಾಟಿತು. ಅಷ್ಟರಲ್ಲಿ ಸಾತಲಿಂಗಪ್ಪ ಕಡಕ್ ರೊಟ್ಟಿ ಮುರಿದು ಚಟ್ನಿಯಲ್ಲಿ ಅದ್ದಿ ನಾಲ್ಕು ತಿಂದ. ಚೆನ್ನಾಗಿದೆ ಎನ್ನಲಿಲ್ಲ. ಐದನೆಯದಕ್ಕೆ ಕೈ ಹಾಕಿದ.

ಎರಡನೆಯ ಸಾಕ್ಷಿಗೆ ಮಗ್ಗುಲ ಮನೆಯ ಶಾಂತಪ್ಪನನ್ನು ಕರೆದರು. ದುಧನಿಯಿಂದ ಬಂದು ಈ ಊರಲ್ಲಿ ನೆಲೆಸಿ ಹದಿನೈದು ವರ್ಷವಾದವನು. ಕನ್ನಡಕ ಹಾಕಿಕೊಂಡು ಕಟ್ಟೆ ಏರಿ, ಸುಗಲಾಬಾಯಿಯನ್ನು ನೋಡಿ, "ಇವರ್ಯಾರ್ರಿ ಗೌಡ್ರ? ಗುರುತ ಹತ್ತಲಿಲ್ಲ" ಎಂದ.

"ನನ್ನ ತಂಗಿ" ಎಂದ ಸಾತಲಿಂಗಪ್ಪ. "ಕಲ್ಯಾಣಮ್ಮ."

ಸುಗಲಾಬಾಯಿ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಲ್ಲಿ ಹಿಡಿದು ಕೂತಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸಿದಳು. ಎಲ್ಲಿಯೂ ಎಳೆ ತಪ್ಪಿರಲಿಲ್ಲ.

ಹೊಸ ಕಾಗದದಲ್ಲಿ ಹೆಸರು ಹೀಗಿತ್ತು: ಸುಗಲಾಬಾಯಿ ಉರ್ಫ ಕಲ್ಯಾಣಮ್ಮ. ಸ್ನೇಹಲ ಓದಿದಳು, ಆಕೆ ಇನ್ನೊಮ್ಮೆ ಓದಿಸಿದಳು. ಆಮೇಲೆ ಇಬ್ಬರೂ ಸಾಕ್ಷಿಗಳು ನೋಡುತ್ತಿರುವಂತೆ ಬ್ಯಾಂಕಿನ ಸಹಿಯನ್ನು ಎಂದಿನಂತೆ ಬಿಡಿಸಿದಳು. ಪೆನ್ನು ಕೆಳಗಿಡಲಿಲ್ಲ. ಅದರ ಕೆಳಗೆ, ಎರಡನೆಯ ಇಯತ್ತೆ ಬಿಟ್ಟ ಮೇಲೆ ಒಮ್ಮೆಯೂ ಬರೆಯದಿದ್ದ ಹೆಸರನ್ನು ಕನ್ನಡದಲ್ಲಿ ಬರೆಯತೊಡಗಿದಳು. ಅಕ್ಷರ ಒಂದೊಂದಾಗಿ, ಹಲಗೆಯ ಮೇಲೆ ಬಳಪ ಒತ್ತಿದ ಹಾಗೆ.

"ಸಾಲು ಮ್ಯಾಲೇರಾಕತ್ತೈತಿ" ಎಂದ ಸಾತಲಿಂಗಪ್ಪ ಬಗ್ಗಿ ನೋಡುತ್ತ. "ಸಾಲ್ಯಾಗೂ ಹಂಗಽ ಬರೀತಿದ್ದಿ. ಮಾಸ್ತರ ಬೈತಿದ್ರು."

"ಅವರು ಬೈದದ್ದು ನಿನಗ. ತಂಗೀಗ ಕಲಸಲಿಲ್ಲಂತ."

"ಹೌದೇನು?"

"ಹೌದು."

ಅವನು ಸಾಕ್ಷಿ ಹಾಕಿದ. ಶಾಂತಪ್ಪ ಹಾಕಿದ. ಗುರುತಿನ ಕಾಗದಕ್ಕೂ ಸಾತಲಿಂಗಪ್ಪ ಸಹಿ ಮಾಡಿ, "ನೋಟರಿಗೆ ಸೋಮವಾರ ಅಕ್ಕಲಕೋಟಕ್ಕ ಬರ್ತೀನಿ" ಎಂದ. ಸ್ನೇಹಲ ಮೂರೂ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಸೇರಿಸಿದಳು. ಕೆಲಸ ಮುಗಿದಿತ್ತು.

ಸುಗಲಾಬಾಯಿ ಮೊಣಕಾಲಿಗೆ ಕೈಯೂರಿ ಎದ್ದಳು. ಪಂಚಮಿಯ ಮಾತನ್ನು ಅಣ್ಣ ಎತ್ತಲಿಲ್ಲ. ತಾನಾಗಿ ಕೇಳುವಂತಿಲ್ಲ. ಕರೆಸಿಕೊಂಡು ಬಂದರೆ ಮಾತ್ರ ಅದು ತವರು. ಬಂದ ಕೆಲಸ ಇಷ್ಟೇ, ಸಿಕ್ಕಿದ್ದು ಅದಕ್ಕಿಂತ ಹೆಚ್ಚು ಎಂದು ಆಕೆ ಮನಸ್ಸಿನಲ್ಲೇ ಲೆಕ್ಕ ಒಪ್ಪಿಸಿಕೊಂಡಳು. ಆದರೂ ಹೊಸಿಲ ಹತ್ತಿರ ಚಪ್ಪಲಿ ಹುಡುಕಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

"ಯಾ ಗಾಡಿ?" ಎಂದ ಸಾತಲಿಂಗಪ್ಪ ಹಿಂದಿನಿಂದ.

"ನಾಕರದು."

ಮುದುಕ ಹೊರಸಿನಿಂದ ಕಾಲು ಇಳಿಬಿಟ್ಟ. ಗೋಡೆಗೆ ಒರಗಿಸಿದ್ದ ಬಡಿಗೆ ತೆಗೆದುಕೊಂಡ. "ಹುಣಸಿಪಟ್ಟಿ ಒಳಗ ಹೆಸರು ಕಾಯಿ ಹಿಡದೈತಿ" ಎಂದ ಯಾರಿಗೂ ಅಲ್ಲದ ಹಾಗೆ. ಆಮೇಲೆ ಮೆಟ್ಟಿಲಿಳಿಯುತ್ತ ಹೇಳಿದ, "ಆರರದೂ ಒಂದು ಐತಿ, ಕಲ್ಯಾಣೀ."

ಆರು ಗಂಟೆಗೆ ಬಸ್ಸಿದೆ ಎಂದು ಆಕೆಗೆ ಗೊತ್ತಿತ್ತು. ಬರುವಾಗಲೇ ಕಂಡಕ್ಟರನನ್ನು ಎರಡು ಸಲ ಕೇಳಿಕೊಂಡಿದ್ದಳು. ಗೊತ್ತಿಲ್ಲದವಳ ಹಾಗೆ, "ಹೌದಾ?" ಎಂದು, ಚೀಲವನ್ನು ಸೊಸೆಯ ಕೈಗೆ ಕೊಟ್ಟು, ಅಣ್ಣನ ಬಡಿಗೆಯ ಸಪ್ಪಳದ ಹಿಂದೆ ಹೊಲದ ಹಾದಿ ಹಿಡಿದಳು.